ನಾಯಿಗಳಿಗೆ ಮಡಿ ಕಲಿಸಿದ್ದು

ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಎರಡನೇ ಮದುವೆಯಾದಾಗ ನಮ್ಮ ಕಡೆಯವರು ಯಾರೂ ಅಡ್ಡಿ ಮಾಡಲಿಲ್ಲ. ಹೆಂಡತಿಯ ಕಡೆಯವರೂ ಮಾಡಲಿಲ್ಲ. ಜಾತಕ ನೋಡುವ ವಯಸ್ಸು ಇಬ್ಬರಿಗೂ ದಾಟಿತ್ತು. ನೋಡುವುದಿದ್ದರೆ ಬಿಪಿ, ಶುಗರ್ ನೋಡಬೇಕಿತ್ತು, ಅವು ಚೆನ್ನಾಗಿಯೇ ಕೂಡಿಬರುತ್ತಿದ್ದವು. ನೋಡದೆ ಬಿಟ್ಟದ್ದು ನಾಯಿಗಳ ಜಾತಕ ಒಂದನ್ನೇ.

ನನ್ನದೊಂದು ನಾಯಿ, ಅವರದೊಂದು ನಾಯಿ. ಎರಡಕ್ಕೂ ಹೆಸರುಗಳಿವೆ. ಕೂಗಿದರೆ ಎರಡೂ ಬರುವುದಿಲ್ಲವಾದ್ದರಿಂದ ಇಲ್ಲಿ ಬರೆದು ಪ್ರಯೋಜನವಿಲ್ಲ. ನನ್ನದನ್ನು ಹೋಟೆಲಿನವನು, ಅವರದನ್ನು ಅಡ್ಯಾರಿನವಳು ಎಂದು ಕರೆದರೆ ಸಾಕು. ಹೋಟೆಲಿನವನು ಹುಟ್ಟಿದ್ದು ಮದರಾಸಿನ ಕೋಡಂಬಾಕ್ಕಂನಲ್ಲಿರುವ ನಮ್ಮ ಹೋಟೆಲಿನ ಹಿಂಬದಿಯಲ್ಲಿ, ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ. ಕಂದು ಬಣ್ಣ, ಎಡಗಿವಿ ಅರ್ಧ ಇಲ್ಲ, ಎದೆ ಮಾತ್ರ ಪೈಲ್ವಾನನದು. ಮುರಿದ ದೋಸೆ, ತಳಹಿಡಿದ ಉಪ್ಪಿಟ್ಟು ತಿಂದು ಬೆಳೆದ ಶುದ್ಧ ಸಸ್ಯಾಹಾರಿ. ಅಡ್ಯಾರಿನವಳು ಬಿಳಿ, ಮೈತುಂಬ ಕೂದಲು. ಪೊಮೇರಿಯನ್ ಎಂದು ಹೇಳಿ ಮಾರಿದ್ದರಂತೆ, ಬೆಳೆಯುತ್ತ ಬೆಳೆಯುತ್ತ ಆ ಮಾತನ್ನು ಸುಳ್ಳು ಮಾಡಿದಳು. ವಯಸ್ಸಾಗಿದೆ, ಜೊತೆಗೆ ಫಿಟ್ಸ್ ಬೇರೆ. ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ಹೋಗಲೇಬೇಕು. ಅದು ತಪ್ಪಿದರೆ, ಅಥವಾ ತುಂಬ ಹೆದರಿದರೆ, ನಾಲ್ಕೂ ಕಾಲು ಸೆಟೆದು ಬಿದ್ದುಬಿಡುತ್ತಾಳೆ. ಗುಳಿಗೆಯನ್ನು ಮೊಸರನ್ನದ ಉಂಡೆಯೊಳಗೆ ಅಡಗಿಸಿ ನನ್ನ ಹೆಂಡತಿಯೇ ಕೊಡಬೇಕು. ಬೇರೆಯವರು ಕೊಟ್ಟರೆ ಜಮೀನ್ದಾರರ ಮನೆಯ ಹಿರಿಸೊಸೆಯ ಹಾಗೆ ಮುಖ ತಿರುಗಿಸುತ್ತಾಳೆ.

ನಾನು ಕುಂದಾಪುರದ ಕಡೆಯವನು. ಮೀಸೆ ಮೂಡುವ ಮೊದಲೇ ಈ ಊರಿಗೆ ಬಂದು, ಲೋಟ ತೊಳೆದು, ಬಡಿಸಿ, ಈಗ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದೇನೆ. ನನ್ನ ಹೆಂಡತಿಯ ಮನೆತನ ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ, ಕನ್ನಡ ಮಾತಾಡುವ ವೈಷ್ಣವರದು. ಆಫೀಸಿನ ಕೆಲಸದಲ್ಲಿದ್ದು ನಿವೃತ್ತರಾದವರು, ಯಜಮಾನರು ತೀರಿಹೋಗಿ ಬಹಳ ಕಾಲವಾಗಿತ್ತು. ಒಂದು ದಿನ ನಮ್ಮ ಹೋಟೆಲಿಗೆ ಬಂದು, ಒಂದು ಗುಟುಕು ಕುಡಿದು, ನೇರ ನನ್ನ ಮುಂದೆ ನಿಂತು, "ಇದು ಕಾಫಿಯಾ? ಚಿಕೋರಿ ಕಷಾಯ ಇದು" ಎಂದರು. ಗಿರಾಕಿಗಳಿಂದ ಕನ್ನಡದಲ್ಲಿ ಬೈಸಿಕೊಂಡು ಎಷ್ಟೋ ವರ್ಷವಾಗಿತ್ತು. ನನ್ನ ಮನಸ್ಸು ಅಲ್ಲೇ ಜಾರಿತು. ಅವರದು ಜಾರಲು ಇನ್ನೂ ಎರಡು ವರ್ಷ ಬೇಕಾಯಿತು, ಕಾಫಿಪುಡಿಯನ್ನೂ ಬದಲಾಯಿಸಬೇಕಾಯಿತು. ಇವತ್ತಿಗೂ ನಾವಿಬ್ಬರೂ ಒಬ್ಬರಿಗೊಬ್ಬರು 'ನೀವು' ಎಂದೇ ಅನ್ನುವುದು. ಈ ವಯಸ್ಸಿನಲ್ಲಿ 'ನೀನು' ಎನ್ನಲು ನಾಲಿಗೆ ಹೊರಳುವುದಿಲ್ಲ.

ಮದುವೆಯಾದ ಮೇಲೆ ಅವರು ಅಡ್ಯಾರಿನ ಫ್ಲ್ಯಾಟಿಗೆ ಬೀಗ ಹಾಕಿ, ನಾಯಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮನೆಗೆ ಬಂದರು. ಎಲ್ಲ ತಂದರು. ಆದರೆ ಅಲ್ಲಿ ದಿನಾ ಬೆಳಿಗ್ಗೆ ಬಾಗಿಲಿಗೆ ಬರುತ್ತಿದ್ದ ಹಾಲಿನ ಪ್ಯಾಕೆಟ್ಟನ್ನು ಮಾತ್ರ ನಿಲ್ಲಿಸಲಿಲ್ಲ.

"ಅಲ್ಲಿ ಯಾರೂ ಇಲ್ಲ, ಹಾಲು ಎಂತಕ್ಕೆ ಮಾರಾಯ್ರೆ?" ಎಂದು ಕೇಳಿದೆ.

"ವಾಚ್‌ಮನ್ ಕುಡೀತಾನೆ, ಇರಲಿ. ಒಂದು ಸಲ ನಿಲ್ಲಿಸಿದರೆ ಮತ್ತೆ ಶುರು ಮಾಡೋದು ತೊಂದರೆ. ದೀಪಾವಳಿ ತನಕ ನೋಡೋಣ. ನಾಯಿಗಳು ಹೊಂದಿಕೊಂಡರೆ ನಿಲ್ಲಿಸ್ತೀನಿ."

ನನಗೆ ಅರ್ಥವಾಯಿತು. ಮದುವೆ ರಿಜಿಸ್ಟರ್ ಆಗಿದೆ, ಆದರೆ ಹಾಲು ಇನ್ನೂ ನಿಂತಿಲ್ಲ. ಹಾಲು ನಿಲ್ಲುವ ತನಕ ಅವರು ನನ್ನ ಮನೆಯಲ್ಲಿ ನೆಂಟರು.

ನಾಯಿಗಳ ಮೊದಲ ಭೇಟಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಮ್ಮದು ಹಳೆಯ ಕಾಲದ, ರೈಲುಬೋಗಿಯಂಥ ಮನೆ. ಮುಂದೊಂದು ಕೋಣೆ, ನಡುವೆ ಊಟದ ಕೋಣೆ, ಹಿಂದೆ ಅಡುಗೆಮನೆಗೆ ಅಂಟಿಕೊಂಡು ಇನ್ನೊಂದು. ಇವಳು ಹಿಂದಿನಿಂದ ಬಂದಳು, ಅವನು ಮುಂದಿನಿಂದ ಬಂದ. ನಡುವೆ ಕುರ್ಚಿ ಬಿತ್ತು, ನೀರಿನ ಕೊಡ ಬಿತ್ತು, ಕೊನೆಗೆ ನಾನು ಬಿದ್ದೆ. ಅವನು ಬೊಗಳಿಕೊಂಡೇ ಕಚ್ಚಲು ಹೋದ. ಇವಳು ಕಚ್ಚಿ ಆಮೇಲೆ ಬೊಗಳಿದಳು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಕಟ್ಟಿದವನು ಬೆಕ್ಕು ಸಾಕಿದ್ದಿರಬೇಕು.

ಎಲ್ಲರೂ ಉಪಾಯ ಹೇಳಿದರು. ಪೆರಂಬೂರಿನಲ್ಲಿರುವ ಹೆಂಡತಿಯ ಮಗಳು ಫೋನಿನಲ್ಲಿ, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತ, ಯಾವುದೋ ವೀಡಿಯೋ ಕಳಿಸಿದಳು. ಅದರಲ್ಲಿ ಒಬ್ಬ ವಿದೇಶಿ ಮನುಷ್ಯ ಎರಡು ನಾಯಿಗಳನ್ನು ವಿಶಾಲವಾದ ಹುಲ್ಲುಗಾವಲಿನಲ್ಲಿ ಅಕ್ಕಪಕ್ಕ ನಡೆಸುತ್ತಿದ್ದ. ಕೋಡಂಬಾಕ್ಕಂನಲ್ಲಿ ಇಬ್ಬರು ಮನುಷ್ಯರು ಅಕ್ಕಪಕ್ಕ ನಡೆಯುವಷ್ಟು ಫುಟ್‌ಪಾತ್ ಇಲ್ಲ. ನನಗೋ ಯಾರ ಉಪಾಯವೂ ಬೇಕಿರಲಿಲ್ಲ. ಒಂದೇ ಅಡುಗೆಮನೆಯಲ್ಲಿ ದೋಸೆ ಭಟ್ಟನನ್ನೂ ಸ್ವೀಟು ಮಾಡುವವನನ್ನೂ ವರ್ಷಗಟ್ಟಲೆ ಇಟ್ಟುಕೊಂಡವನು ನಾನು. ಒಬ್ಬನ ಹಂಚಿನ ಹೊಗೆ ಇನ್ನೊಬ್ಬನ ಮೈಸೂರುಪಾಕಿಗೆ ತಾಗಿತೆಂದು ಸೌಟು ಎತ್ತಿಕೊಂಡು ನಿಂತವರು ಅವರು. ಅವರನ್ನು ಪಳಗಿಸಿದವನಿಗೆ ನಾಯಿಗಳು ಯಾವ ಲೆಕ್ಕ ಅಂದುಕೊಂಡೆ.

ಅವರನ್ನು ಪಳಗಿಸಿದ ಮದ್ದು ಒಂದೇ, ಪಂಕ್ತಿ. ನಮ್ಮ ಹೋಟೆಲಿನಲ್ಲಿ ಹಬ್ಬದ ದಿನ ಮಧ್ಯಾಹ್ನ ಶಟರ್ ಅರ್ಧ ಎಳೆದು, ಧಣಿಯಿಂದ ಹಿಡಿದು ಟೇಬಲ್ ಒರೆಸುವವನ ತನಕ ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕೂತು ಉಣ್ಣುತ್ತೇವೆ. ಮಾತು ಬಿಟ್ಟವರನ್ನು ಬೇಕೆಂದೇ ಪಕ್ಕಪಕ್ಕ ಕೂರಿಸುವುದು ರೂಢಿ. ಪಾಯಸ ಬರುವ ಹೊತ್ತಿಗೆ ಒಬ್ಬ ಇನ್ನೊಬ್ಬನಿಗೆ, "ಹಪ್ಪಳ ಬೇಕನಾ?" ಎಂದು ಕೇಳಿಯೇ ಕೇಳುತ್ತಾನೆ. ಒಂದು ಪಂಕ್ತಿಯಲ್ಲಿ ಉಂಡವರು ಹೊಡೆದಾಡುವುದಿಲ್ಲ ಎಂದು ನಮ್ಮ ಹಳೆಯ ಧಣಿಗಳು ಹೇಳುತ್ತಿದ್ದರು. ಅದು ಸುಳ್ಳಾದದ್ದನ್ನು ನಾನು ಕಂಡಿರಲಿಲ್ಲ.

ಹಾಗಾಗಿ ಒಂದು ಭಾನುವಾರ ಊಟದ ಕೋಣೆಯಲ್ಲಿ ಎರಡು ಬಾಳೆಲೆ ಹಾಕಿದೆ. ಕುಡಿ ಎಡಕ್ಕೆ ಬರುವಂತೆ, ಕ್ರಮಪ್ರಕಾರ. ಹೆಂಡತಿ ಬಾಗಿಲಲ್ಲಿ ನಿಂತು, "ಚುಮ್ಮಾ ಯಾಕೆ ಸುಮ್ಮನೆ, ಇದೆಲ್ಲ ಬೇಡ" ಎಂದರು. "ನೀವು ನೋಡ್ತಾ ಇರಿ ಮಾರಾಯ್ರೆ, ನನಗೆ ಇದು ಗೊತ್ತುಂಟು" ಎಂದೆ. ಒಂದು ಎಲೆಗೆ ಸಾಂಬಾರನ್ನ, ಇನ್ನೊಂದಕ್ಕೆ ಮೊಸರನ್ನ ಬಡಿಸಿದೆ. ಅವರು ಅವಳನ್ನು ಎತ್ತಿ ತಂದು ಕೂರಿಸಿದರು, ನಾನು ಅವನ ಕೊರಳುಪಟ್ಟಿ ಹಿಡಿದು ತಂದೆ. ಒಂದು ಕ್ಷಣ ಎರಡೂ ತಮ್ಮ ತಮ್ಮ ಎಲೆಯನ್ನೇ ನೋಡಿದವು. ನಾನು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಹುಬ್ಬು ಕೆಳಗಿಳಿಯುವ ಮೊದಲು ಯುದ್ಧ ಶುರುವಾಗಿತ್ತು. ಅವನಿಗೆ ಅವಳ ಎಲೆಯ ಮೊಸರನ್ನ ಬೇಕು, ಅವಳಿಗೆ ಅವನ ಎಲೆಯೂ ಬೇಕು, ಅವನ ಉಳಿದ ಕಿವಿಯೂ ಬೇಕು. ಸಾಂಬಾರು ಗೋಡೆಗೆ ಹಾರಿತು. ಬಿಡಿಸಲು ನಾನು ನಡುವೆ ಕೈ ಹಾಕಿದೆ. ಯಾರು ಕಚ್ಚಿದ್ದೆಂದು ಇವತ್ತಿಗೂ ತೀರ್ಮಾನವಾಗಿಲ್ಲ, ಎರಡು ಬಾಯಲ್ಲೂ ನನ್ನ ರಕ್ತವಿತ್ತು. ಹೋಟೆಲಿನವನು ಹುಟ್ಟಿದಾಗಿನಿಂದ ಕಂಡ ಮೊದಲ ಮಾಂಸ ನನ್ನ ಕೈಯದೇ ಇರಬೇಕು. ನಾನು ಅವನನ್ನು ಎಳೆದುಕೊಂಡು ಹೋಗಿ ಮುಂದಿನ ಕೋಣೆಗೆ ದೂಡಿ ಬಾಗಿಲು ಹಾಕಿ ಬಂದು ನೋಡಿದರೆ ಅಡ್ಯಾರಿನವಳು ಅನ್ನದ ನಡುವೆ ಬಿದ್ದಿದ್ದಳು. ಕಾಲು ಸೆಟೆದಿತ್ತು, ಬಾಯಲ್ಲಿ ನೊರೆ. ನನ್ನ ಹೆಂಡತಿ ಪಕ್ಕದಲ್ಲಿ ಕೂತು, ತಲೆ ನೆಲಕ್ಕೆ ಬಡಿಯದಂತೆ ಅಂಗೈ ಕೊಟ್ಟು, ತಮಿಳಿನಲ್ಲಿ ಏನೋ ಹೇಳುತ್ತಿದ್ದರು. ಮಗುವಿಗೆ ಹೇಳುವ ಹಾಗೆ. ಫಿಟ್ಸ್ ನಿಂತ ಮೇಲೂ ಅವರು ನನ್ನ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಆಟೋ ಬಂತು. ಜಗಳವಿಲ್ಲ, ಕೂಗಾಟವಿಲ್ಲ. "ನಿಮ್ಮ ತಪ್ಪೇನಿಲ್ಲ. ಇವಳಿಗೆ ಇನ್ನೊಂದು ಸಲ ಹೀಗಾದರೆ ತಡ್ಕೊಳ್ಳೋಕೆ ನನ್ನಿಂದ ಆಗಲ್ಲ" ಎಂದು ಹೇಳಿ, ನಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟರು. ಬೈದಿದ್ದರೆ ಒಳ್ಳೆಯದಿತ್ತು. ನನಗೆ ಅಳು ಬಂತು. ಕೈಗೆ ಹಾಕಿದ ಸೂಜಿಯ ನೋವಿಗೆ ಎಂದು ಹೋಟೆಲಿನಲ್ಲಿ ಹೇಳಿಕೊಂಡೆ. ಹೋಟೆಲಿನವನು ಮಾತ್ರ ಮನೆಯ ಮೂರೂ ಕೋಣೆಗಳಲ್ಲಿ ಬಾಲವೆತ್ತಿಕೊಂಡು ಓಡಾಡಿದ, ಚುನಾವಣೆ ಗೆದ್ದವನ ಹಾಗೆ.

ಆಮೇಲಿನ ದಿನಗಳಲ್ಲಿ ನಾನು ಊಟದ ಹೊತ್ತಿನ ಗದ್ದಲ ಮುಗಿದ ಮೇಲೆ, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಬಸ್ಸು ಹತ್ತಿ ಅಡ್ಯಾರಿಗೆ ಹೋಗುತ್ತಿದ್ದೆ. ಸ್ವಂತ ಹೆಂಡತಿಯನ್ನು ನೋಡಲು. ಪ್ರಾಯದಲ್ಲಿ ಮಾಡಬೇಕಿದ್ದ ಕೆಲಸ ಮಂಡಿನೋವು ಬಂದ ಮೇಲೆ ಮಾಡುವಂತಾಯಿತು. ಸ್ನಾನ ಯಾಕೆಂದರೆ, ನನ್ನ ಮೈಯಲ್ಲಿ ಹೋಟೆಲಿನವನ ವಾಸನೆ ಇದ್ದರೆ ಒಳಗಿನಿಂದ ಅವಳು ಗುರುಗುಟ್ಟುತ್ತಿದ್ದಳು.

ಆ ದಿನಗಳಲ್ಲಿ ಪೂರ್ತಿ ನನ್ನ ಪಕ್ಷದಲ್ಲಿದ್ದವನು ಆ ಫ್ಲ್ಯಾಟಿನ ವಾಚ್‌ಮನ್ ಒಬ್ಬನೇ. ಗೇಟಿನಲ್ಲಿ ನನ್ನನ್ನು ಕಂಡಾಗೆಲ್ಲ, "ಸಾರ್, ಅಮ್ಮಾ ಎಪ್ಪೋ ತಿರುಂಬಿ ಪೋವಾಂಗ?" ಎಂದು ಕೇಳುತ್ತಿದ್ದ. ಯಾವಾಗ ವಾಪಸು ಹೋಗುತ್ತಾರೆ ಎಂದು. ಎಂಥ ಒಳ್ಳೆಯ ಮನಸ್ಸು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅಮ್ಮ ಬಂದಾಗಿನಿಂದ ಅವನ ಹಾಲಿಗೆ ಕಲ್ಲು ಬಿದ್ದಿತ್ತು. ಅವನ ಕಷ್ಟ ನನ್ನದಕ್ಕಿಂತ ಸೂಕ್ಷ್ಮ. ಅಮ್ಮ ನನ್ನ ಮನೆಗೆ ಹೋಗಬೇಕು, ಆದರೆ ಪೂರ್ತಿ ಹೋಗಬಾರದು. ಹೋಗದೇ ಇದ್ದರೆ ಹಾಲು ಅಮ್ಮನಿಗೆ, ಶಾಶ್ವತವಾಗಿ ಹೋದರೆ ಹಾಲೇ ಇಲ್ಲ. ನನ್ನ ಸಂಸಾರ ಸದಾ ತೂಗುತ್ತಿದ್ದರೆ ಮಾತ್ರ ಅವನಿಗೆ ಎರಡು ಹೊತ್ತು ಕಾಫಿ.

ಒಂದು ಮಧ್ಯಾಹ್ನ ಕಾಫಿ ಕೊಟ್ಟು ಹೆಂಡತಿ ಹೇಳಿದರು, "ನಿಮ್ಮ ಪಂಕ್ತಿ ಸರಿಬರಲಿಲ್ಲ. ನಮ್ಮನೇದು ಒಂದು ನೋಡೋಣವಾ?"

"ನಿಮ್ಮ ಮನೇದು ಎಂತ ಉಂಟು?"

"ಮಡಿ."

ನಾನು ಕಾಫಿ ಕೆಳಗಿಟ್ಟು ನಕ್ಕುಬಿಟ್ಟೆ. "ನಾಯಿ ಸೋಕಿದರೆ ಸ್ನಾನ ಮಾಡ್ತಿದ್ದವರ ಮೊಮ್ಮಗಳು ನಾಯಿಗೇ ಮಡಿ ಹೇಳಿಕೊಡುದಾ? ನಿಮ್ಮ ಅಜ್ಜಿ ಮೇಲಿಂದ ಕೇಳಿಸಿಕೊಂಡರೆ ಅಲ್ಲೂ ಒಂದು ಸಲ ಮುಳುಗು ಹಾಕಿಯಾರು."

ಅವರು ನಗಲಿಲ್ಲ. "ಅಜ್ಜಿಯಿಂದಾನೇ ಹೇಳ್ತಿರೋದು. ನಾನು ಹುಟ್ಟೋ ಮುಂಚೇನೇ ತಾತ ಹೋಗಿದ್ದರು. ಅಜ್ಜಿ ಮಧ್ಯಾಹ್ನದ ತನಕ ಮಡಿ. ನಾನು ಸ್ಕೂಲಿಗೆ ಹೋಗೋ ಮುಂಚೆ ಒಂದು ದಿನಾನೂ ನನ್ನ ಮುಟ್ಟಿಲ್ಲ. ನನಗೆ ಎಷ್ಟು ಕೋಪ ಅಂದರೆ, ಬೇಕಂತಲೇ ಓಡಿಹೋಗಿ ಸೀರೆ ಮುಟ್ಟಿಬಿಡ್ತಿದ್ದೆ. ಪಾವಂ, ಪಾಪ, ಧನುರ್ಮಾಸದ ಚಳಿಯಲ್ಲೂ ಮತ್ತೆ ಸ್ನಾನ ಮಾಡೋರು. ಒಂದು ಏಟು ಹೊಡೀಲಿಲ್ಲ. ಹೊಡೀಬೇಕಾದರೂ ಮುಟ್ಟಬೇಕಲ್ಲ." ಇಲ್ಲಿ ಸ್ವಲ್ಪ ನಕ್ಕರು. "ಆದರೆ ಆ ಮನೆಯಲ್ಲಿ ಅಷ್ಟು ಜನ ಇದ್ದೆವು, ಸೊಸೆಯಂದಿರು, ನಾದಿನಿಯರು, ಒಬ್ಬರನ್ನ ಕಂಡರೆ ಒಬ್ಬರಿಗೆ ಆಗ್ತಿರಲಿಲ್ಲ. ಯಾರೂ ಮನೆ ಬಿಟ್ಟು ಹೋಗಲಿಲ್ಲ. ಯಾರು ಯಾವಾಗ ಎಲ್ಲಿರಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಮುಟ್ಟದೇನೂ ಒಂದು ಮನೇಲಿ ಇರಬಹುದು."

ಮಡಿಯ ಬಗ್ಗೆ ನನಗೆ ಗೌರವವಿಲ್ಲ, ಆಗಲೂ ಇರಲಿಲ್ಲ. ಎಷ್ಟೋ ಜನರನ್ನು ಬಾಗಿಲ ಹೊರಗೆ ನಿಲ್ಲಿಸಿದ ಪದ್ಧತಿ ಅದು. ಎಷ್ಟೋ ಹೆಂಗಸರನ್ನು ಒದ್ದೆ ಸೀರೆಯಲ್ಲೇ ಸವೆಸಿತು. ಮನುಷ್ಯರ ಮೇಲೆ ಹಾಕಲೇಬಾರದಿದ್ದ ಕಟ್ಟಳೆ. ಆದರೆ ನಾಯಿಗಳ ಮೇಲೆ ಹಾಕಲು ಏನಡ್ಡಿ ಎಂದುಕೊಂಡು ಒಪ್ಪಿದೆ. ಹಾಗೆ ಅವರು ನಾಯಿಯೊಡನೆ ಮರಳಿ ಬಂದರು. ವಾಚ್‌ಮನ್ ಓಡಿಬಂದು ಆಟೋಗೆ ಸಾಮಾನು ಇಟ್ಟ.

ಕಟ್ಟಳೆಗಳು ಹೀಗಿದ್ದವು. ಮುಂದಿನ ಕೋಣೆ ಹೋಟೆಲಿನವನದು, ಹಿಂದಿನದು ಅಡ್ಯಾರಿನವಳದು. ನಡುವಿನ ಊಟದ ಕೋಣೆಗೆ ಸರದಿ, ಅವಳು ಬೆಳಿಗ್ಗೆ, ಅವನು ಮಧ್ಯಾಹ್ನದ ಮೇಲೆ. ಒಬ್ಬರು ಹೋದ ಮೇಲೆ ನೆಲ ಒರೆಸಿಯೇ ಇನ್ನೊಬ್ಬರಿಗೆ ಬಾಗಿಲು. ಅವನನ್ನು ಮುಟ್ಟಿದ ಕೈಯಲ್ಲಿ ಅವಳನ್ನು ಮುಟ್ಟಕೂಡದು, ಮೊಣಕೈ ತನಕ ತೊಳೆಯಬೇಕು. ಅವಳ ಕೋಣೆಗೆ ಹೋಗಲು ನನಗೆ ಬೇರೆ ಪಂಚೆ. ಆ ಪಂಚೆಗೆ ಅವನ ಮೂಗು ತಾಗಬಾರದೆಂದು ಹೆಂಡತಿ ಅದನ್ನು ಸೂರಿನ ಹತ್ತಿರದ ಗಳುವಿನ ಮೇಲೆ ಒಣಹಾಕುತ್ತಿದ್ದರು, ಇಳಿಸಲು ಒಂದು ಉದ್ದನೆಯ ಕೋಲು. ಮಡಿಕೋಲು ಹಿಡಿದು ನಾಯಿಯ ಸಲುವಾಗಿ ಪಂಚೆ ಇಳಿಸುತ್ತಿದ್ದ ನನ್ನನ್ನು ಊರಿನವರು ನೋಡಿದ್ದರೆ ಕೂಡಲೇ ಯಾರಾದರೂ ಮಂತ್ರವಾದಿಯನ್ನು ಕರೆಸುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ಕೂಗು. ನಡುವಿನ ಬಾಗಿಲು ತೆರೆಯುವ ಮೊದಲು "ಮಡಿ! ಮಡಿ!" ಎಂದು ಗಟ್ಟಿಯಾಗಿ ಕೂಗಬೇಕು. ಕೂಗು ಬಿದ್ದಾಗ ತಮ್ಮ ತಮ್ಮ ಮೂಲೆಗೆ ಹೋಗಿ ಕೂತವರಿಗೆ ಒಂದು ತುಂಡು ಇಡ್ಲಿ. ಹೋಟೆಲಿನವನು ಇಡ್ಲಿಗಾಗಿ ಧರ್ಮವನ್ನೇ ಬದಲಾಯಿಸುವ ಜಾತಿ, ಬೇಗ ಕಲಿತ. ಅವಳು ತಡವಾಗಿ ಕಲಿತಳು, ಆದರೆ ಕಲಿತ ಮೇಲೆ ಅವಳ ನಿಷ್ಠೆ ಪೀಠಾಧಿಪತಿಗಳದು. ನಾನು ಕೂಗುವುದನ್ನು ಮರೆತು ಬಾಗಿಲು ತೆರೆದರೆ ಅಲ್ಲಿಂದಲೇ ನನ್ನನ್ನು ಗದರುತ್ತಿದ್ದಳು.

ಮಹಡಿಯ ಮೇಲೊಬ್ಬರು ಮಾಮಿ ಇದ್ದಾರೆ. ದಿನವಿಡೀ ಕೆಳಗಿನಿಂದ "ಮಡಿ! ಮಡಿ!" ಕೇಳಿ ಅವರಿಗೆ ನಮ್ಮ ಮೇಲೆ ಭಕ್ತಿಯೇ ಹುಟ್ಟಿಬಿಟ್ಟಿತು. ಈ ಕಾಲದಲ್ಲೂ ಇಷ್ಟು ಆಚಾರವೇ ಎಂದು ಬೀದಿಯಲ್ಲೆಲ್ಲ ಹೇಳಿದರಂತೆ. ತಮ್ಮ ಮನೆಯ ವ್ರತಗಳಿಗೆ ನನ್ನ ಹೆಂಡತಿಯನ್ನು ಕರೆಯತೊಡಗಿದರು. ಅವರ ಭ್ರಮೆ ಹರಿಸುವುದು ಪಾಪವೆಂದು ನಾವಿಬ್ಬರೂ ಸುಮ್ಮನಿದ್ದೆವು. ಈರುಳ್ಳಿ ಹುರಿಯುವಾಗ ಮಾತ್ರ ಕಿಟಕಿ ಹಾಕಿಕೊಳ್ಳುತ್ತೇವೆ.

ಮನೆ ಶಾಂತವಾಯಿತು. ಸ್ನೇಹವಾಗಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಬಾಗಿಲ ಸಂದಿಯಲ್ಲಿ ಎರಡು ಮೂಗು ಎದುರಾದರೆ ಸಾಕು, ಎರಡು ಕಡೆಯಿಂದಲೂ ಹಳೆಯ ಮಿಕ್ಸಿ ಶುರುವಾದ ಸದ್ದು. ಆದರೆ ರಕ್ತ ಬೀಳಲಿಲ್ಲ, ಫಿಟ್ಸ್ ಬರಲಿಲ್ಲ. ದೀಪಾವಳಿ ಹತ್ತಿರ ಬಂತು. ಹಾಲು ನಿಂತಿರಲಿಲ್ಲ. ನಾನು ಕೇಳಲಿಲ್ಲ. ಕೇಳಿದರೆ ಬೇಡದ ಉತ್ತರ ಬಂದೀತೆಂದು ಹೆದರಿಕೆ. ನಾಯಿಗಳು ಹೊಂದಿಕೊಂಡರೆ ಎಂದು ಅವರು ಹೇಳಿದ್ದು, ಹೊಂದಿಕೊಂಡಿಲ್ಲವೆಂದು ಇಡೀ ಮನೆಯ ಬಾಗಿಲುಗಳೇ ಸಾಕ್ಷಿ ಹೇಳುತ್ತಿದ್ದವು. ಅಪರೂಪಕ್ಕೆ ಅವರು ಫೋನಿನಲ್ಲಿ ವಾಚ್‌ಮನ್ ಜೊತೆ ಮಾತಾಡುವುದು ಕೇಳಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು, ಹಾಲಿನ ಮಾತು ಬರುತ್ತದೋ ಎಂದು ಕಿವಿಗೊಡುತ್ತಿದ್ದೆ.

ಹಬ್ಬಕ್ಕೆ ಸ್ವಲ್ಪ ಮೊದಲು ಒಂದು ದಿನ ಅವರು ಮಗಳನ್ನು ನೋಡಲು ಪೆರಂಬೂರಿಗೆ ಹೋಗಿದ್ದರು. ಮಧ್ಯಾಹ್ನ ಮಳೆ ಹಿಡಿಯಿತು. ಮದರಾಸಿನ ಮಳೆ ಬರುವುದಿಲ್ಲ ಬರುವುದಿಲ್ಲ ಎನ್ನುತ್ತ, ಬಂದರೆ ಹೋಗುವುದಿಲ್ಲ. ರಸ್ತೆ, ಕೆಳಸೇತುವೆ ಎಲ್ಲ ನೀರು. ಹೋಟೆಲಿನಲ್ಲಿ ಗಿರಾಕಿಗಳಿಲ್ಲದ್ದರಿಂದ ನಾನು ಬೇಗ ಮನೆಗೆ ಬಂದಿದ್ದೆ. ಸಂಜೆ ಅವರ ಫೋನು ಬಂತು. "ರೈಲು ನಿಂತಿದೆ. ಯಾವಾಗ ಬರ್ತೀನೋ ತಿಳಿಯಲ್ಲ. ಅವಳ ಗುಳಿಗೆ ಹೊತ್ತು..." ಎಂದರು. "ನಿಮ್ಮ ಕೈಯಿಂದ ತಗೊಳ್ಳಲ್ಲ ಅವಳು. ಏನು ಮಾಡೋದು ರೀ?" ಅಷ್ಟರಲ್ಲಿ ಲೈನು ಹೋಯಿತು. ಅವರು 'ರೀ' ಎಂದದ್ದು ಅದೇ ಮೊದಲು. ಅದನ್ನು ಆನಂದಿಸುವಷ್ಟು ಪುರಸೊತ್ತು ಇರಲಿಲ್ಲ.

ಹೊರಗೆ ಗುಡುಗು. ಹಿಂದಿನ ಕೋಣೆಯಿಂದ ಅವಳು ಕುಂಯ್ ಎನ್ನುತ್ತಿದ್ದಳು. ಒಂದು ಕಡೆ ಗುಳಿಗೆಯ ಹೊತ್ತು ಮೀರುತ್ತಿದೆ, ಇನ್ನೊಂದು ಕಡೆ ಹೆದರಿಕೆ. ಇವತ್ತು ಇವಳು ಬಿದ್ದರೆ, ಅವರಿಲ್ಲದಾಗ, ನನ್ನ ಮನೆಯಲ್ಲಿ ಬಿದ್ದರೆ, ಹಾಲು ಎಂದೆಂದಿಗೂ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ನಾನು ಮೊದಲು ಯೋಚಿಸಿದ್ದು ನಾಯಿಯ ಬಗ್ಗೆ ಅಲ್ಲ, ಹಾಲಿನ ಬಗ್ಗೆ.

ಸ್ನಾನ ಮಾಡಿದೆ. ಸಾಬೂನು ಎರಡೆರಡು ಸಲ ಹಾಕಿ ಹೋಟೆಲಿನವನನ್ನು ಮೈಯಿಂದ ತೊಳೆದೆ. ಕೋಲಿನಿಂದ ಪಂಚೆ ಇಳಿಸಿದೆ. ಮಳೆಗೆ ಅದು ಒಣಗಿರಲಿಲ್ಲ, ಒದ್ದೆಯದನ್ನೇ ಉಟ್ಟೆ. ಬರಿಮೈ, ಒದ್ದೆ ಪಂಚೆ, ಕೈಯಲ್ಲಿ ಮೊಸರನ್ನದ ಬಟ್ಟಲು. ಎದೆಯ ಮೇಲೆ ಜನಿವಾರ ಬಿಟ್ಟರೆ ಬೇರೇನೂ ಇಲ್ಲದ ನನ್ನನ್ನು ನೋಡಿದ್ದರೆ ಹೆಂಡತಿಯ ಅಜ್ಜಿ ಮೊದಲ ಸಲ ಮೆಚ್ಚುತ್ತಿದ್ದರೋ ಏನೋ. "ಮಡಿ!" ಎಂದು ಕೂಗಿ ಒಳಗೆ ಹೋದೆ.

ಅವಳು ಮಂಚದ ಕೆಳಗಿನಿಂದ ನೋಡಿದಳು, ಗುರುಗುಟ್ಟಲಿಲ್ಲ. ಉಂಡೆ ಹಿಡಿದು ಮುಂದೆ ಚಾಚಿದೆ. ಮುಖ ತಿರುಗಿಸಿದಳು. ಮುದ್ದು ಮಾಡಿದೆ, ಬಂಗಾರಿ ಎಂದೆ, ತಮಿಳಿನಲ್ಲೂ ಒಂದೆರಡು ಸಲ ಹೇಳಿನೋಡಿದೆ. ಇನ್ನಷ್ಟು ಹಿಂದೆ ಸರಿದಳು. ಆಗ ನೆನಪಾಯಿತು, ನಾನು ಹೊಸದಾಗಿ ಬಡಿಸಲು ಬಂದ ಹುಡುಗರಿಗೆ ಮೊದಲ ದಿನವೇ ಹೇಳುವ ಮಾತು: ತಟ್ಟೆ ಇಡು, ಸರಿ, ಆಮೇಲೆ ಉಣ್ಣುವವರ ಮುಖ ನೋಡುತ್ತ ನಿಲ್ಲಬೇಡ. ನೋಡಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಅಷ್ಟು ವರ್ಷ ಹೇಳಿಕೊಟ್ಟವನು ಈಗ ಹೆಂಡತಿಯ ನಾಯಿಯ ಮೂತಿಗೆ ಮೂತಿಯಿಟ್ಟು ಕೂತಿದ್ದೆ. ಬಟ್ಟಲನ್ನು ನೆಲದ ಮೇಲಿಟ್ಟೆ, ತಿರುಗಿ ಗೋಡೆಯ ಕಡೆ ಮುಖ ಮಾಡಿ ಕೂತೆ.

ಗೋಡೆಯ ಮೇಲೆ ಒಂದು ಹಲ್ಲಿ ಇತ್ತು. ಅದನ್ನು ನೋಡುತ್ತ ಕೂತೆ. ಆಚೆಯ ಕೋಣೆಯಲ್ಲಿ ಹೋಟೆಲಿನವನು, ಧಣಿ ಪರರ ಪಾಲಾದನೆಂದು ಗೋಳಾಡುತ್ತಿದ್ದ. ನಾನು ಏಳಲಿಲ್ಲ. ಚಳಿಗೆ ಹಲ್ಲು ಕಟಕಟ ಎನ್ನತೊಡಗಿತ್ತು. ಬಹಳ ಹೊತ್ತಿನ ಮೇಲೆ ಹಿಂದೆ ಉಗುರಿನ ಸದ್ದು ಕೇಳಿಸಿತು, ಆಮೇಲೆ ಬಟ್ಟಲು ನೆಲದ ಮೇಲೆ ಜರುಗಿದ ಸದ್ದು. ಅದು ಗೋಡೆಯ ತನಕ ಜರುಗಿ ನಿಂತ ಮೇಲೆ ನನ್ನ ಮೊಣಕೈಗೆ ಏನೋ ಬೆಚ್ಚಗೆ ತಾಗಿತು. ಪ್ರೀತಿ ಎನ್ನಲಾರೆ, ಅಲ್ಲಿ ಮೊಸರು ಅಂಟಿತ್ತು.

ಹಿಂದಿನ ಬಾಗಿಲು ತೆರೆದಾಗಲೂ ನಾನು ಹಾಗೇ ಕೂತಿದ್ದೆ. ಹೆಂಡತಿ ಸೊಂಟದ ತನಕ ನೆನೆದು, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಕೆಳಸೇತುವೆಯ ನೀರಿನಲ್ಲಿ ನಡೆದೇ ಬಂದಿದ್ದರು.

"ಯಾಕೆ ಗೋಡೆ ನೋಡ್ತಾ ಕೂತಿದೀರಿ?"

"ಗಿರಾಕಿ ಊಟ ಮಾಡ್ತಾ ಉಂಟು" ಎಂದೆ.

ಅವರು ಬಂದು ಬಟ್ಟಲನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದರು. ಅವಳು ಎಷ್ಟೋ ಸಲ ಅನ್ನ ತಿಂದು ಗುಳಿಗೆಯನ್ನು ಮಾತ್ರ ಮೂಲೆಗೆ ಉಗಿದಿಟ್ಟದ್ದುಂಟು. ಗುಳಿಗೆ ಬಟ್ಟಲಲ್ಲಿರಲಿಲ್ಲ. ಮಂಚದ ಕೆಳಗೆ ಬಗ್ಗಿ ಹುಡುಕಿದರು, ಅಲ್ಲೂ ಇರಲಿಲ್ಲ. ಒಣ ಟವೆಲ್ ತಂದರು. ನಾಯಿಯನ್ನು ಒರೆಸುತ್ತಾರೆಂದು ನಾನು ಸರಿದು ಜಾಗ ಬಿಟ್ಟೆ. ಅವರು ಒರೆಸಿದ್ದು ನನ್ನ ಬೆನ್ನನ್ನು.

ಅದಾಗಿ ಎರಡು ದಿನಕ್ಕೆ ನಾನು ಗಲ್ಲಾದಲ್ಲಿ ಕೂತಿದ್ದಾಗ ಅಡ್ಯಾರಿನ ವಾಚ್‌ಮನ್ ಫೋನು ಮಾಡಿದ. ಅವನು ನನಗೆ ಫೋನು ಮಾಡಿದ್ದು ಅದೇ ಮೊದಲು. ಧ್ವನಿಯಲ್ಲಿ ಅಳುವೇ ಇತ್ತು.

"ಎನ್ನ ಸಾರ್ ಇದು, ಅಮ್ಮಾ ಪಾಲ ನಿರುತ್ತಿಟ್ಟಾಂಗ!"

ಅಮ್ಮ ಹಾಲು ನಿಲ್ಲಿಸಿಬಿಟ್ಟರಂತೆ. ಹಾಲಿನವನು ಇವತ್ತು ಬಂದು ಬರಿಗೈ ಆಡಿಸಿ ಹೋದನಂತೆ. ತಾನೇನು ತಪ್ಪು ಮಾಡಿದೆ, ನೀವಾದರೂ ಒಂದು ಮಾತು ಹೇಳಿ ಎಂದು ಬೇಡಿಕೊಂಡ. ಮುಂದೆ ಗಿರಾಕಿಗಳು ನಿಂತಿದ್ದರು, ಕಣ್ಣು ಒರೆಸಿಕೊಳ್ಳಲು ಸಿಕ್ಕಿದ್ದು ಟೇಬಲ್ ಒರೆಸುವ ಬಟ್ಟೆ. ಈ ಕಡೆ ಬಂದಾಗೆಲ್ಲ ನಮ್ಮ ಹೋಟೆಲಿಗೆ ಬಾ, ಕಾಫಿ ನನ್ನ ಕಡೆಯಿಂದ ಎಂದೆ. ಅಡ್ಯಾರಿನಿಂದ ಕಾಫಿ ಕುಡಿಯಲು ಕೋಡಂಬಾಕ್ಕಂಗೆ ಯಾರು ಬರುತ್ತಾರೆ ಸಾರ್ ಎಂದು ಫೋನಿಟ್ಟ. ಅವನ ಮಾತು ನ್ಯಾಯವಾದದ್ದೇ.

ಸಂಜೆ ಮನೆಗೆ ಹೋದಾಗ ನಡುವಿನ ಬಾಗಿಲು ಮುಚ್ಚಿತ್ತು. ಹೋಟೆಲಿನವನು ನನ್ನ ಚಪ್ಪಲಿ ಮೂಸಿ, ಅದರಲ್ಲಿ ಹೊಸ ಸುದ್ದಿಯೇನೂ ಇಲ್ಲವೆಂದು ತನ್ನ ಮೂಲೆಗೆ ಹೋದ. ಬಾಗಿಲಿನ ಮೇಲೆ ಕೈಯಿಟ್ಟು, "ಮಡಿ!" ಎಂದು ಕೂಗಿದೆ. ಸಾಲದೆಂದು ಇನ್ನೊಂದು ಸಲ ಕೂಗಿದೆ. ಮನೆಯ ಎರಡು ತುದಿಗಳಿಂದ ಎರಡು ಗುರ್ರ್ ಬಂದವು, ಎಂದಿನಂತೆ. ನಡುವಿನಿಂದ ಹೆಂಡತಿಯ ಧ್ವನಿ ಬಂತು.

"ಕೈ ತೊಳ್ಕೊಂಡು ಬನ್ನಿ, ಕಾಫಿ ಆರ್ತಾ ಇದೆ."